ಆರಿಸಬಹುದು, ಹಾಕುವಂತಿಲ್ಲ

ನಿಮ್ಮ ಕೆಲಸವೇನೆಂದು ಯಾರಾದರೂ ಕೇಳಿದರೆ "ಸಾಫ್ಟ್‌ವೇರ್" ಎಂದು ಹೇಳಿ ಮಾತು ತಿರುಗಿಸಿಬಿಡುತ್ತೇನೆ. ಪೂರ್ತಿ ಹೇಳಿದರೆ ನಗುತ್ತಾರೆ. ಅಮೆರಿಕದ ರೆಸ್ಟನ್‌ನ ಆಫೀಸಿನಲ್ಲಿ ಕೂತು ನಾನು ಇನ್‌ಸ್ಟಾಲರ್ ಬರೆಯುತ್ತೇನೆ. ಅಂದರೆ ಹೊಸ ಸಾಫ್ಟ್‌ವೇರಿಗೆ ಕಂಪ್ಯೂಟರಿನೊಳಗೆ ಗೃಹಪ್ರವೇಶ ಮಾಡಿಸುವ ಪುರೋಹಿತಿಕೆ. ಒಳಗೆ ಸದ್ದಿಲ್ಲದೆ ಓಡುವ ಸರ್ವಿಸನ್ನು ಯಾರು ಶುರು ಮಾಡಬಹುದು, ಯಾರು ನಿಲ್ಲಿಸಬಹುದು, ಅದೂ ಯಾವ ಷರತ್ತಿನ ಮೇಲೆ ಎಂದು ಗೊತ್ತುಮಾಡುವುದು ನನ್ನ ಪಾಲಿಗೆ ಬಂದದ್ದು. ಹೀಗಿದ್ದರೆ ಕೊಡು, ಹಾಗಿದ್ದರೆ ಬೇಡ. ಚಿಕ್ಕಮ್ಮನಿಗೆ ಮೀಸೆ ಬಂದರೆ ಚಿಕ್ಕಪ್ಪ ಅನ್ನು. ದಿನವಿಡೀ ಈ 'ರೆ'ಗಳದೇ ಸಹವಾಸ.

ಈ ವಿದ್ಯೆ ನಾನು ಕಲಿತದ್ದು ಕಾಲೇಜಿನಲ್ಲಲ್ಲ, ಮೈಸೂರಿನ ವಠಾರದಲ್ಲಿ. ಟ್ಯಾಂಕಿಗೆ ನೀರು ಏರಿಸುವ ಮೋಟಾರಿನ ಸ್ವಿಚ್ಚು ಮೆಟ್ಟಿಲ ಕೆಳಗೆ, ಎಲ್ಲರ ಕೈಗೂ ಎಟಕುವಂತಿತ್ತು. ಆದರೆ ಓನರ್ ಸಾವಿತ್ರಮ್ಮನವರ ಕಟ್ಟಪ್ಪಣೆ: "ಹಾಕೋದು ನಾನು. ತುಂಬಿ ಹರಿದ್ರೆ ಯಾರ್ ಬೇಕಾದ್ರೂ ಆರಿಸಿ." ಬಾಡಿಗೆಯವರಿಗೆ ನಿಲ್ಲಿಸುವ ಅನುಮತಿ ಮಾತ್ರ. ನೀರು ಧೋ ಎಂದು ಸುರಿದಾಗ ರೊಟ್ಟಿ ತಟ್ಟುವುದನ್ನು ಬಿಟ್ಟು ಓಡುತ್ತಿದ್ದವಳು ನನ್ನಮ್ಮ. ಸ್ವಿಚ್ಚಿನ ಮೇಲೆ ಸದಾ ಅವಳ ಬೆರಳಿನ ಹಿಟ್ಟು. ಆ ನೀರಿನ ಸದ್ದು, ಒದ್ದೆ ಸಿಮೆಂಟಿನ ವಾಸನೆ, ಕೊನೆಗೆ ಸಾವಿತ್ರಮ್ಮನವರ ಗದರಿಕೆಯೂ ಈಗ ಬೇಕೆನಿಸುತ್ತದೆ. ಆಗ ಮಾತ್ರ ಆಕೆಯನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಈ ಚಳಿಗಾಲಕ್ಕೆ ಅಮ್ಮ ನಮ್ಮಲ್ಲಿಗೆ ಬಂದಳು. ಲೈಟು, ಟಿವಿ, ನಾವು ಹಾಕಿ ಬಿಟ್ಟಿದ್ದನ್ನೆಲ್ಲ ಬೆನ್ನಿಗೇ ಆರಿಸುತ್ತ ಬರುವಳು. ಹಾಕುವುದು ಮಾತ್ರ ಒಂದನ್ನೂ ಇಲ್ಲ. ಒಂದು ದಿನ ನಾವು ಹೊರಟ ಮೇಲೆ ಗೋಡೆಯ ಥರ್ಮೋಸ್ಟಾಟ್ ಒತ್ತಿ ಮನೆ ಬೆಚ್ಚಗಿಡುವ ಹೀಟನ್ನೂ ಆರಿಸಿದ್ದಾಳೆ. ಸಂಜೆ ಬಂದರೆ ಮನೆಯೆಲ್ಲ ತಣ್ಣಗೆ. ಸ್ವೆಟರು, ಶಾಲು, ಮಂಕಿ ಟೋಪಿಯೊಳಗೆ ನಡುಗುತ್ತ ಅಮ್ಮ. ನನಗೆ ಅಳು ಬರುವ ಹಾಗಾಯಿತು.

"ಮತ್ತೆ ಹಾಕ್ಕೊಳೋದಲ್ವೇನಮ್ಮ?"

"ನೀನು ಹೇಳಿರ್ಲಿಲ್ವಲ್ಲ."

ತಕ್ಷಣ ನನ್ನ ವೃತ್ತಿಬುದ್ಧಿ ಎದ್ದು ಕೂತಿತು. "ಗೋಡೆ ಮೇಲಿನ ನಂಬರು ಅರವತ್ತೆಂಟಕ್ಕಿಂತ ಇಳಿದ್ರೆ ಹಾಕ್ಕೋ. ಬಿಸಿಲಿದ್ರೆ ಬೇಡ. ನೀನೊಬ್ಬಳೇ ಇದ್ರೆ..."

ಅಮ್ಮ ಟೋಪಿಯೊಳಗಿಂದಲೇ ನಕ್ಕಳು. "ಥೇಟ್ ಸಾವಿತ್ರಮ್ಮನೇ ಆಗ್ಬಿಟ್ಯಲ್ಲೇ."

ನಾಚಿಕೆಯಾಯಿತು. ಹೆತ್ತವಳನ್ನು ಬಾಡಿಗೆಯವಳಾಗಿ ಇಟ್ಟುಕೊಂಡ ಹಾಗಾಗಿತ್ತು. "ಷರತ್ತು ಗಿರತ್ತು ಏನೂ ಇಲ್ಲ, ನಿಂಗೆ ಬೇಕಾದಾಗ ಹಾಕ್ಕೋ" ಎಂದೆ. ಅಂದೆನೇ ಹೊರತು ನಂಬಿಕೆಯಿರಲಿಲ್ಲ. ವಠಾರದ ಅಭ್ಯಾಸ ಒಂದು ಮಾತಿಗೆ ಹೋದೀತೆ? ದಿನಗಳು ಹೋದವು, ಮಂಕಿ ಟೋಪಿ ಹೋಗಲಿಲ್ಲ. ಇವಳು ಊರಿಗೆ ಹೊರಡುವಷ್ಟರಲ್ಲಿ ಒಮ್ಮೆಯಾದರೂ ಇದು ತನ್ನ ಮನೆ ಅಂದುಕೊಂಡಾಳೆಯೇ ಎಂಬುದೊಂದೇ ನನ್ನ ಕೊರಗು.

ಮೊನ್ನೆ ಬಾಗಿಲು ತೆಗೆದರೆ ಒಲೆಯ ಬಾಯಿಂದ ಬಂದಂಥ ಝಳ. "ಅಮ್ಮಾ, ಇಟ್ಸ್ ಸೋ ಹಾಟ್. ಅಜ್ಜಿ ಡಿಡ್ ಇಟ್" ಎಂದು ಮಗಳು ದೂರು ತಂದಳು. ಅಡುಗೆಮನೆಯಲ್ಲಿ ಅಮ್ಮ ಸ್ವೆಟರಿಲ್ಲ, ಟೋಪಿಯಿಲ್ಲ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ರೊಟ್ಟಿ ತಟ್ಟುತ್ತಿದ್ದಳು. ನನ್ನನ್ನು ನೋಡಿ, "ಚಳಿ ಆಗ್ತಿತ್ತು, ಹಾಕ್ದೆ" ಎಂದಳು, ಅಷ್ಟೇ. ಗೋಡೆಯ ಥರ್ಮೋಸ್ಟಾಟಿನ ಮೇಲೆ ಬೆರಳಗಲ ಹಿಟ್ಟು ಮೆತ್ತಿತ್ತು.

ಆರಿಸಲು ಮಗಳು ಕೈ ಚಾಚಿದಳು. "ಮುಟ್ಬೇಡ" ಎಂದೆ, ಬೆವರು ಒರೆಸಿಕೊಳ್ಳುತ್ತ.