ಅತ್ತೆ ಒಲ್ಲೆ ಎಂದದ್ದು

ಮೊನ್ನೆ ಹಾನಗಲ್ಲಿನ ಸಂತೆಯಲ್ಲಿ ತಂಬಾಕಿನವನ ಮುಂದೆ ಹಾಯುವಾಗ ತಪಕೀರಿನ ಘಾಟು ಮೂಗಿಗೆ ಬಡಿಯಿತು. ನಶ್ಯ ಅನ್ನುತ್ತಾರಲ್ಲ, ಅದೇ. ಮೇಲಿಂದ ಮೇಲೆ ಸೀನು ಬಂದು, ಕಣ್ಣಲ್ಲಿ ನೀರಾಡಿ, ಬದನೆಕಾಯಿಯ ಚೀಲ ಕೆಳಗಿಟ್ಟು ನಿಂತುಬಿಟ್ಟೆ. ತಂಬಾಕಿನವನು ನಕ್ಕ. ನನಗೆ ನಗು ಬರಲಿಲ್ಲ. ನನ್ನ ಸೋದರತ್ತೆ ನೆನಪಾಗಿದ್ದಳು...

ಅಪ್ಪನ ಅಕ್ಕ ಅವಳು. ಅಬಲೂರಿಗೆ ಕೊಟ್ಟಿದ್ದರು. ಗಂಡ ಬೇಗ ಹೋದ, ಮಕ್ಕಳಾಗಿರಲಿಲ್ಲ. ಆಮೇಲೆ ಸವಣೂರಿಗೆ, ನಮ್ಮ ಮನೆಗೆ ಬಂದಳು. ಬಂದಳು ಅನ್ನುವುದಕ್ಕಿಂತ ಕರೆತಂದರು ಅನ್ನಬೇಕು. ಯಾರ ಮನೆಯಲ್ಲಿ ಬಾಣಂತನವೋ, ಯಾರ ಮನೆಯ ಮುದುಕರು ಹಾಸಿಗೆ ಹಿಡಿದಿದ್ದರೋ ಅಲ್ಲಿಗೆ ಅವಳನ್ನು ಕಳಿಸುವುದು. ಈ ಸಲ ಶಿಗ್ಗಾಂವಿ, ಮುಂದಿನ ಸಲ ಹಿರೇಕೆರೂರು. "ಅಕ್ಕ ಅದಾಳಲ್ಲ" ಅಂದುಬಿಟ್ಟರೆ ನಮ್ಮ ಮಂದಿಯ ಎಲ್ಲ ತಾಪತ್ರಯವೂ ಮುಗಿಯುತ್ತಿತ್ತು.

ನಾನು ಹೈಸ್ಕೂಲು ಸೇರಿದಾಗ ಎರಡನೇ ಮಹಾಯುದ್ಧ ನಡೆದಿತ್ತು, ಸೀಮೆಎಣ್ಣೆಗೂ ಬರ. ಇಡೀ ಸಾಲಿಯಲ್ಲಿ ದೊಡ್ಡ ಹುಡುಗಿ ಅಂದರೆ ನಾನೊಬ್ಬಳೇ. ಮೈನೆರೆದ ಹುಡುಗಿ ಗಂಡುಹುಡುಗರ ನಡುವೆ ಕೂತರೆ ಊರು ಸುಮ್ಮನಿರುತ್ತದೆಯೆ? ಅಪ್ಪ ಒಂದು ಕರಾರು ಹಾಕಿದ: ಅತ್ತೆ ಜೊತೆಗೆ ಹೋಗಬೇಕು, ಸಾಲಿ ಬಿಡುವ ತನಕ ಹೊರಗಿನ ಕಟ್ಟೆಯ ಮೇಲೆ ಕೂತಿರಬೇಕು. ಆಗ ಕಲಿಯುವ ಹುಡುಗಿಯರ ಮನೆಗಳಲ್ಲಿ ಹಾಗೇ ನಡೆಯುತ್ತಿತ್ತು.

ಅತ್ತೆ ಕೂತಳು. ಬಿಸಿಲು ಬಂದರೆ ಕಂಬದ ಆ ಕಡೆ ಸರಿಯುವುದು, ಮಳೆಯ ಎರಚಲು ಬಂದರೆ ಈ ಕಡೆ. ಬ್ಯಾಸರಕ್ಕೆ ಸೊಂಟದ ಡಬ್ಬಿ ತೆಗೆದು ತಪಕೀರು ಏರಿಸುತ್ತಿದ್ದಳು. ಮಾಸ್ತರರು ಹೊಸ ಲೆಕ್ಕ ಶುರುಮಾಡಬೇಕು, ಹೊರಗಿನಿಂದ ಅವಳ ಸೀನು ಬರಬೇಕು! ಸೀನಿದ ಮೇಲೆ ಹೊಸದನ್ನು ಶುರುಮಾಡುವುದು ಹೇಗೆ? ಪಾಪ, ಮಾಸ್ತರರು ಸುಣ್ಣದ ಕಡ್ಡಿ ಹಿಡಿದುಕೊಂಡು ಹಾಗೇ ನಿಲ್ಲುತ್ತಿದ್ದರು. ಹುಡುಗರು ಮಾತ್ರ ಅವಳನ್ನು ದೇವರ ಹಾಗೆ ಕಾಣುತ್ತಿದ್ದರು.

ಮ್ಯಾಟ್ರಿಕ್ ವರ್ಷ ಹೆಡ್‌ಮಾಸ್ತರರು ಮನೆಗೇ ಬಂದು ಅಪ್ಪನಿಗೆ ಹೇಳಿದರು, "ಹುಡಿಗಿ ಶ್ಯಾಣ್ಯಾ ಅದಾಳ್ರಿ. ಧಾರವಾಡಕ್ಕ ಕಳಸ್ರಿ, ಕಾಲೇಜು ಕಲೀಲಿ." ಅಪ್ಪ ಅಡತಿ ಅಂಗಡಿಯವನು, ಎಲ್ಲದಕ್ಕೂ ಬಹಳ ವಿಚಾರ ಮಾಡುವವನು. ಹಾಸ್ಟೆಲ್ ಅಂತೂ ಬೇಡವೇ ಬೇಡ ಅಂದ. ಕಡೆಗೆ, "ಖೋಲಿ ಹಿಡಿಯೂಣು. ಅಕ್ಕ ಅದಾಳಲ್ಲ, ಅಡಗಿ ಮಾಡಿಕೊಂಡು ಕೂಡ ಇರ್ತಾಳ" ಅಂದ. ಅಷ್ಟಕ್ಕೇ ಎಲ್ಲ ತೀರ್ಮಾನವಾಯಿತು. ಅತ್ತೆ ಒಳಗೆ ಜೋಳ ಹಸನು ಮಾಡುತ್ತಿದ್ದಳು.

ಆ ವರ್ಷ ನಾನು ದಣಿದಷ್ಟು ಆಮೇಲೆ ಮೂರು ಹಡೆದರೂ ದಣಿಯಲಿಲ್ಲ. ಪರೀಕ್ಷೆಯ ಓದು ಒಂದು ಕಡೆ, ಕಾಲೇಜಿನ ಅರ್ಜಿ ಒಂದು ಕಡೆ. ಹೆಡ್‌ಮಾಸ್ತರರು ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆಸಿ, ಅಕ್ಷರ ಸೊಟ್ಟ ಅಂತ ಹರಿದು, ಮತ್ತೆ ಬರೆಸುತ್ತಿದ್ದರು. ಹುಟ್ಟಿದ ತಾರೀಖು ಕೇಳಿದರೆ ಅವ್ವ, "ಯುಗಾದಿ ಮುಂದ, ಕರಿ ಎಮ್ಮಿ ಈದ ವರ್ಷ" ಅಂದಳು. ಎಮ್ಮೆಯ ಲೆಕ್ಕ ಹಿಡಿದು ಮಾಸ್ತರರೇ ಒಂದು ತಾರೀಖು ಹಚ್ಚಿದರು. ಬೆರಳಿಗೆ ಮಸಿ, ತಲೆಗೆ ನೋವು. ಕಲಿಯುವುದೇ ಬೇಡ ಅನಿಸಿದ ದಿನಗಳೂ ಇದ್ದವು. ಅಂಥ ದಿನ ಅತ್ತೆ ತಲೆಗೆ ಎಣ್ಣೆ ತಟ್ಟುತ್ತಾ, "ಇಷ್ಟ ದಿನ ಕುಂತೇವಿ, ಇನ್ನೊಂದೀಟ ಕುಂದ್ರೂಣ ಕೂಸ" ಅನ್ನುತ್ತಿದ್ದಳು. ಆ 'ಇನ್ನೊಂದೀಟ'ನ್ನು ನಾನು ಕೇಳಿಸಿಕೊಳ್ಳಲಿಲ್ಲ, ಯಾರೂ ಕೇಳಿಸಿಕೊಳ್ಳಲಿಲ್ಲ.

ಫಲಿತಾಂಶ ಬಂತು. ಪಾಸಾಗಿದ್ದೆ. ಮನೆಯಲ್ಲಿ ಹೋಳಿಗೆ. ಊಟವಾದ ಮೇಲೆ ಅಪ್ಪ ಪಡಸಾಲೆಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಾ, "ಅಕ್ಕಾ, ಧಾರವಾಡದಾಗ ಖೋಲಿ ಗೊತ್ತ ಮಾಡೇನಿ. ಸೋಮವಾರ ಇಬ್ರೂ ಹೊಂಡ್ರಿ" ಅಂದ.

"ನಾ ಒಲ್ಲೆಪಾ," ಅಂದಳು ಅತ್ತೆ.

ಅಪ್ಪ ತಲೆಯೆತ್ತಿದ. "ಯಾಕ, ಮೈಯಾಗ ಆರಾಮಿಲ್ಲೇನು?"

"ಆರಾಮ ಅದೇನಿ. ಬ್ಯಾಸತ್ತೇನಿ. ಹೋಗು ಅಂದಲ್ಲಿ ಹೋದೆ, ಕುಂದ್ರು ಅಂದಲ್ಲಿ ಕುಂತೆ. ಮಂದಿ ಒಲಿ ಊದಿ ಊದಿ ಸಾಕಾಗೇತಿ. ಅಬಲೂರಾಗ ನನ್ನ ಪಾಲಿನ ಮನಿ ಐತಿ. ಅಲ್ಲಿ ಹೋಗಿ ಇರ್ತೇನಿ."

ದನಿ ಏರಿಸಲಿಲ್ಲ, ಅಳಲಿಲ್ಲ. ನಾಳೆ ಅಮಾವಾಸ್ಯೆ ಅಂದಷ್ಟು ಸಹಜವಾಗಿ ಹೇಳಿದಳು. ಅವ್ವ ಬಾಯಿಗೆ ಸೆರಗು ಹಚ್ಚಿಕೊಂಡಳು. ನಾನು ಅತ್ತೆಯ ಕಾಲು ಹಿಡಿದೆ. "ಅತ್ತೀ, ಒಂದ ವರ್ಷ ಬಾ. ನಿನ್ನ ಕಾಲ ಬೀಳ್ತೇನಿ."

"ಒಂದ ಅಂತಿ. ಆಮ್ಯಾಲ ನಾಕು ಆಗ್ತಾವು." ನನ್ನ ತಲೆಯ ಮೇಲೆ ಕೈ ಇಟ್ಟಳು. "ನೀ ಕಲೀಬೇಕು ಕೂಸ, ಖರೇನ. ಆದರ ಅದಕ್ಕ ನಾನ ಯಾಕ ಬೇಕು? ನಿಮ್ಮಪ್ಪನ್ನ ಕೇಳು."

ಕೇಳಿದೆ. ಹಾಸ್ಟೆಲ್ಲಿಗೆ ಹಾಕು ಅಂದರೆ, "ನಮ್ಮ ಮನಿತಾನದ ಹುಡಿಗಿ ಅಲ್ಲಿ ಇರೂದ?" ಅಂದ. ಅವ್ವನನ್ನು ಕಳಿಸು ಅಂದರೆ, "ಮತ್ತ ನನ್ನ ಊಟಕ್ಕ?" ಅಂದ. ಸೋಮವಾರ ಬಂತು, ಹೋಯಿತು. ಕಾಲೇಜು ಶುರುವಾದ ದಿನ ನಾನು ಹಿತ್ತಲಲ್ಲಿ ಭಾಂಡೆ ತಿಕ್ಕುತ್ತಿದ್ದೆ. ಬೈಗುಳವೆಲ್ಲ ಅತ್ತೆಯ ಪಾಲಿಗೆ ಬಂತು. ಹುಡುಗಿಯ ಬಾಳು ಹಾಳು ಮಾಡಿದಳು ಅಂತ ಹಿರೇಕೆರೂರಿನವರೂ ಬೈದರಂತೆ, ಅವಳ ಕೈಯಲ್ಲಿ ಎರಡು ಬಾಣಂತನ ಮಾಡಿಸಿಕೊಂಡವರು! ಅಪ್ಪನನ್ನು ಯಾರೂ ಒಂದು ಮಾತು ಅನ್ನಲಿಲ್ಲ.

ಮರುವರ್ಷ ನನ್ನನ್ನು ಹಾನಗಲ್ಲಿಗೆ ಕೊಟ್ಟರು. ಒಮ್ಮೆ ಗಂಡನ ಜೊತೆ ಅಬಲೂರಿಗೆ ಹೋಗಿದ್ದೆ. ಒಂದೂವರೆ ಅಂಕಣದ ಮನೆ, ಹೊಸದಾಗಿ ಸಾರಿಸಿದ ಒಲೆ. ಅತ್ತೆ ಹೊಸ್ತಿಲ ಹತ್ತಿರ ಕಾಲು ಚಾಚಿ ಕೂತಿದ್ದಳು. ನಮ್ಮನ್ನು ಕಂಡು ಎದ್ದಳು, ಆದರೆ ಗಡಿಬಿಡಿ ಮಾಡಲಿಲ್ಲ. ರೊಟ್ಟಿ, ಪುಂಡಿಪಲ್ಯ ಬಡಿಸಿ, "ಇಲ್ಲಿ ಯಾರೂ ನನ್ನ ಕರಿಯೂದಿಲ್ಲ ನೋಡು" ಅಂದು ನಕ್ಕಳು. ಅಷ್ಟು ಹಿಗ್ಗಿದ ಅವಳ ಮುಖವನ್ನು ನಾನು ಹಿಂದೆ ಕಂಡಿರಲಿಲ್ಲ. ಜಗಳ ಆಡಬೇಕೆಂದೇ ಹೋಗಿದ್ದೆ, ಆಡದೆ ಬಂದೆ. ಸಿಟ್ಟು ಇಳಿಯಿತು ಅಂತ ಸುಳ್ಳು ಹೇಳಲಾರೆ. ಕಾಲೇಜು ನನಗೆ ಬೇಕಾಗಿತ್ತು, ಆ ಹೊಸ್ತಿಲು ಅವಳಿಗೆ ಬೇಕಾಗಿತ್ತು. ಒಂದನ್ನು ಕೊಟ್ಟರೆ ಇನ್ನೊಂದು ಇಲ್ಲ ಅನ್ನುವ ಹಾಗೆ ಮಾಡಿಟ್ಟಿದ್ದು ನಾವಿಬ್ಬರೂ ಅಲ್ಲ.

ಅದಾದ ಮೇಲೆ ನನ್ನ ಮಕ್ಕಳು, ಅವರ ಜ್ವರ, ಗಂಡನ ಮನೆಗೆ ಬರಹೋಗುವ ಮಂದಿ... ಮತ್ತೊಮ್ಮೆ ಹೋಗಲು ಆಗಲೇ ಇಲ್ಲ. ಅವಳು ಹೋದ ಸುದ್ದಿ ಮಣ್ಣಾದ ಮೇಲೆ ಬಂತು. ತನ್ನ ಮನೆಯಲ್ಲೇ, ತನ್ನ ಹಾಸಿಗೆಯಲ್ಲೇ ಹೋದಳಂತೆ. ಅಷ್ಟಾದರೂ ಆಯಿತಲ್ಲ ಅಂದುಕೊಂಡು ಅಡುಗೆಮನೆಯಲ್ಲಿ ಒಬ್ಬಳೇ ಕೂತು ಕಣ್ಣೀರು ಹಾಕಿದೆ.

ನಿನ್ನೆ ಮಗ ಹೆಂಡತಿ, ಮಗಳ ಜೊತೆ ಬಂದಿದ್ದ. ಮೊಮ್ಮಗಳಿಗೆ ಧಾರವಾಡದಲ್ಲಿ ಕಾಲೇಜು ಸಿಕ್ಕಿದೆ. ಚಹಾ ಕುಡಿಯುತ್ತಾ ಹೆಂಡತಿಗೆ ಹೇಳುತ್ತಿದ್ದ, "ಖೋಲಿ ಹಿಡದೇನಿ. ಅವ್ವ ಅದಾಳಲ್ಲ, ಕೂಡ ಇರ್ತಾಳ." ನಾನು ಅಲ್ಲೇ ಕೂತಿದ್ದೆ. ನನ್ನ ಮೊಣಕಾಲು ಮಡಚಲು ಬರುವುದಿಲ್ಲ, ಮೂರು ಮಕ್ಕಳ ಸಂಸಾರಕ್ಕೆ ರೊಟ್ಟಿ ಬಡಿದು ಬಡಿದು ರಟ್ಟೆ ಸೋತಿದೆ. ಒಲ್ಲೆ ಅನ್ನಬೇಕೆಂದು ಬಾಯಿ ತೆರೆದೆ. ಎದುರಿಗೆ ಮೊಮ್ಮಗಳು ಉಸಿರು ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದಳು.

"ಹೂಂ," ಅಂದೆ. ಹುಡುಗಿ ಓಡಿ ಬಂದು ತಬ್ಬಿಕೊಂಡಳು. ಇಷ್ಟು ವರ್ಷಗಳ ಮೇಲೆ ಧಾರವಾಡದ ಕಾಲೇಜಿಗೆ ಹೊರಟಂತಾಯಿತು, ಹಿಟ್ಟು ನಾದುವ ಕೊಣಮಿಗೆ ಹೊತ್ತುಕೊಂಡು, ರೊಟ್ಟಿ ಬಡಿಯಲು. ಅತ್ತೆ ಇದ್ದಿದ್ದರೆ ಈಗ ಅಬಲೂರಿಗೆ ಹೋಗಿ ಒಂದೇ ಒಂದು ಮಾತು ಕೇಳಿಕೊಂಡು ಬರುತ್ತಿದ್ದೆ: ಅವತ್ತು ನಾನು ಕಾಲು ಹಿಡಿದು ಅಳುತ್ತಿದ್ದರೂ ಒಲ್ಲೆ ಅನ್ನುವುದು ಅವಳಿಗೆ ಹೇಗೆ ಸಾಧ್ಯವಾಯಿತು ಅಂತ.