ಹಳದಿ ಚಡ್ಡಿಯವನೂ ಅಜ್ಜಿ ಬಿಟ್ಟ ಬೆಲ್ಲವೂ

ನಮ್ಮ ಅಜ್ಜಿ ಇಪ್ಪತ್ತೆಂಟು ವರ್ಷ ಬೆಲ್ಲ ಮುಟ್ಟಲಿಲ್ಲ. ಸಕ್ಕರೆ ಕಾಯಿಲೆಯೇನೂ ಇರಲಿಲ್ಲ, ಇವತ್ತಿಗೂ ಇಲ್ಲ. ನಾನು ಹೇಳಿದ ಒಂದು ಸುಳ್ಳಿಗಾಗಿ ಬಿಟ್ಟಳು. ಅದೂ ಎಂಥ ಸುಳ್ಳು! ಟಿವಿಯ ಕುಸ್ತಿಯವನೊಬ್ಬನ ಬೆನ್ನುಮೂಳೆಯ ಬಗ್ಗೆ. ಕೇಳಿದವರು ನಗುತ್ತಾರೆ. ಮೊದಮೊದಲು ನಾನೂ ನಕ್ಕವನೇ, ಅದೇ ನನ್ನ ಸಂಕಟ.

ನಾವು ವಯನಾಡಿನ ಜೈನರು. ಯಾವ ಕಾಲದಲ್ಲೋ ಕನ್ನಡ ಸೀಮೆಯಿಂದ ಬಂದು, ಕಾಫಿ, ಮೆಣಸು ಬೆಳೆದುಕೊಂಡು ಇಲ್ಲೇ ನಿಂತವರು. ಶಾಲೆಗೆ, ಕಚೇರಿಗೆ ಮಲಯಾಳ; ಅಡುಗೆಮನೆಗೆ ಕನ್ನಡ. ಅಜ್ಜಿ ಬಟ್ಟೆಯಲ್ಲಿ ಸೋಸದ ನೀರು ಕುಡಿಯುವವಳಲ್ಲ. ಅಕ್ಕಿಯಲ್ಲಿ ಹುಳ ಸಿಕ್ಕರೆ ಅದನ್ನು ಕಾಗದದ ಮೇಲೆ ಹತ್ತಿಸಿಕೊಂಡು ಹೋಗಿ ಕಾಫಿ ಗಿಡದ ಬುಡದಲ್ಲಿ ಬಿಟ್ಟು, "ಹೋಗು ಮಾರಾಯ, ಬದುಕ್ಕೋ" ಎನ್ನುತ್ತಿದ್ದಳು. ಒಮ್ಮೆ ಅಂಗಳಕ್ಕೆ ಬಂದ ಹಾವನ್ನು ಕೆಲಸದವರು ಹೊಡೆದಾಗ ನಾನು ಚಪ್ಪಾಳೆ ತಟ್ಟಿದೆ. ಅಜ್ಜಿ ನನ್ನ ಕಿವಿ ಹಿಂಡಿದಳು. "ಕೊಲ್ಲೋದು, ಕೊಲ್ಲಿಸೋದು, ಕೊಂದಾಗ ಭೇಷ್ ಅನ್ನೋದು, ಮೂರಕ್ಕೂ ಒಂದೇ ಪಾಪ. ತಿಳೀತಾ?" ತಿಳಿಯಿತು ಎಂದೆ. ಕಿವಿ ಉರಿಯುತ್ತಿತ್ತು, ಅಷ್ಟೇ ನನಗೆ ತಿಳಿದದ್ದು.

ಇಂಥ ಅಜ್ಜಿಗೆ ಇದ್ದದ್ದು ಒಂದೇ ಒಂದು ಚಪಲ, ಬೆಲ್ಲ. ಜೇನು ನಮಗೆ ನಿಷಿದ್ಧ. ಪೇಟೆಯ ಮಿಠಾಯಿಯಲ್ಲಿ ಏನು ಬೆರೆಸಿರುತ್ತಾರೋ ಎಂಬ ಅನುಮಾನ ಅವಳಿಗೆ. ಹಾಗಾಗಿ ಪೆರಿಕಲ್ಲೂರಿನಲ್ಲಿ ತೋಣಿ ಹತ್ತಿ ಕಬಿನಿಯ ಆಚೆ ಕರ್ನಾಟಕದ ದಡಕ್ಕೆ ಹೋದವರು ಯಾರೇ ಇರಲಿ, ಅವಳಿಗೆ ಅಚ್ಚು ಬೆಲ್ಲ ತರಲೇಬೇಕು. ಒಂದು ಚೂರು ಮುರಿದು ನಾಲಿಗೆಯ ಮೇಲಿಟ್ಟುಕೊಂಡು, "ಇದರಲ್ಲಿ ಮೋಸ ಇದೆ, ನಿಂಗೆ ಟೋಪಿ ಹಾಕಿದಾನೆ" ಎಂದು ತಂದವನ ಮುಖಕ್ಕೇ ಹೇಳುವಳು. ದಿನಕ್ಕೆ ಮೂರು ಸಲ ಬೆಲ್ಲದ ಕರಿ ಕಾಪಿ. ಆ ಲೋಟ ಕೈಯಲ್ಲಿದ್ದಾಗ ಅವಳನ್ನು ಯಾರೂ ಮಾತನಾಡಿಸಬಾರದು.

ನನಗೆ ಹದಿಮೂರು, ಅಣ್ಣನಿಗೆ ಹದಿನೈದು ಇದ್ದಾಗ ನಮ್ಮ ಕಡೆಗೆ ಕೇಬಲ್ ಬಂತು. ಭಾನುವಾರ ಸಂಜೆ ನಾಲ್ಕೂವರೆಗೆ ಒಂದು ಗಂಟೆ ಅಮೆರಿಕದ ಕುಸ್ತಿ. ಅಪ್ಪ ಕೂಗಾಡಿದರು. "ಬಸದಿಗೆ ಹೋಗೋ ಮನೇಲಿ ಇದೇನು ಕಡಿದಾಟ?" ಅಜ್ಜಿ ನಮ್ಮ ಪರ ಬಂದಳು. "ನಾನು ಜೊತೇಲಿ ಕೂತಿರ್ತೀನಿ. ಮಕ್ಕಳು ಕೆಟ್ಟದ್ದು ಕಲೀದ ಹಾಗೆ ನೋಡ್ಕೋತೀನಿ." ಹಾಗೆ ಕಾವಲಿಗೆ ಕೂತ ಅಜ್ಜಿ ಮೂರನೇ ವಾರಕ್ಕೆ ನಮಗಿಂತ ಮೊದಲೇ ಟಿವಿ ಮುಂದೆ ಹಾಜರು.

ಕುಸ್ತಿಯವರ ಹೆಸರು ಅವಳ ನಾಲಿಗೆಗೆ ಹೊರಳುತ್ತಿರಲಿಲ್ಲ. ತಾನೇ ಹೆಸರಿಟ್ಟಳು. ಕೊರಳಿಗೆ ಕಬ್ಬಿಣದ ಸರಪಳಿ ಸುತ್ತಿಕೊಂಡು ಬಂದು ಎದುರಾಳಿಯನ್ನು ಚಿಂದಿ ಮಾಡುವವನು ಸರಪಳಿಯವನು. ಅವನು ನನ್ನ ದೇವರು. ವಾರ ವಾರವೂ ಸೋಲುವುದನ್ನೇ ಉದ್ಯೋಗ ಮಾಡಿಕೊಂಡಿದ್ದವನು ಹಳದಿ ಚಡ್ಡಿಯವನು. ಅವನು ಅಖಾಡಕ್ಕೆ ಹತ್ತುವಾಗ ಮೆಟ್ಟಿಲು ಮುಟ್ಟಿ ಬೆರಳನ್ನು ಹಣೆಗೆ ಒತ್ತಿಕೊಳ್ಳುತ್ತಿದ್ದ. ಅಜ್ಜಿಗೆ ಅಷ್ಟು ಸಾಕಾಯಿತು. "ನೋಡ್ರೋ, ಸಂಸ್ಕಾರ ಇರೋ ಮನೆ ಹುಡುಗ. ಪಾವಂ, ಪಾಪ, ಇವನಿಗೆ ಯಾರೂ ಹೊಟ್ಟೆ ತುಂಬ ಹಾಕಲ್ವೇನೋ."

ಕಾಮೆಂಟರಿ ಇಂಗ್ಲಿಷಿನಲ್ಲಿ. ಅದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳುವ ಕೆಲಸ ನನ್ನದು. ನನ್ನ ಇಂಗ್ಲಿಷು ಪರೀಕ್ಷೆ ಪಾಸಾಗುವಷ್ಟು. ಗಂಟಲು ಹರಿದುಕೊಳ್ಳುವ ಆ ಜನರ ಮಾತು ಒಂದಕ್ಷರವೂ ಕಿವಿಗೆ ಹತ್ತುತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನುವುದುಂಟೇ? ರೀಲು ಬಿಡುತ್ತಿದ್ದೆ. ಹಳದಿ ಚಡ್ಡಿಯವನಿಗೆ ಮುದಿ ತಾಯಿ ಇದ್ದಾಳಂತೆ, ಎರಡು ದನ ಸಾಕಿದ್ದಾನಂತೆ, ಒಂದು ಮೊನ್ನೆ ಕರು ಹಾಕಿತಂತೆ. ಅಣ್ಣ ದಿಂಬಿಗೆ ಮುಖ ಒತ್ತಿಕೊಂಡು ನಗುತ್ತಿದ್ದ. ಅದು ಆಡಿ ತೋರಿಸುವ ಕುಸ್ತಿ, ಯಾರು ಗೆಲ್ಲಬೇಕೆಂದು ಮೊದಲೇ ಮಾತಾಗಿರುತ್ತದೆ ಎಂಬುದು ನಮಗಿಬ್ಬರಿಗೂ ಶಾಲೆಯಲ್ಲಿ ತಿಳಿದಿತ್ತು. ಅಜ್ಜಿಗೆ ಮಾತ್ರ ಹೇಳಲಿಲ್ಲ. ಹೇಳಿದರೆ ಅವಳು ಎದ್ದು ಹೋಗುತ್ತಾಳೆ, ಅವಳು ಎದ್ದರೆ ಅಪ್ಪ ಟಿವಿ ಆರಿಸುತ್ತಾರೆ.

ಒಂದು ಭಾನುವಾರ ಸರಪಳಿಯವನು ಹಳದಿ ಚಡ್ಡಿಯವನ ಬೆನ್ನಿಗೆ ಕಬ್ಬಿಣದ ಕುರ್ಚಿಯಿಂದ ಬಾರಿಸಿದ. ನಾನು ಮಂಚದ ಮೇಲೆ ನಿಂತು "ಹೊಡಿ! ಹೊಡಿ! ಇನ್ನೊಂದು ಹೊಡಿ!" ಎಂದು ಕಿರುಚುತ್ತಿದ್ದೆ. ಅಜ್ಜಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅವನನ್ನು ಸ್ಟ್ರೆಚರಿನಲ್ಲಿ ಹೊತ್ತುಕೊಂಡು ಹೋದರು. ಮುಂದಿನ ವಾರ ಅವನು ಬರಲಿಲ್ಲ. "ಏನಂತೋ ಅವನಿಗೆ? ಏನು ಹೇಳ್ತಿದಾರೆ?" ಎಂದು ಅಜ್ಜಿ ಕೇಳಿದಳು. ಅವರು ಏನು ಹೇಳುತ್ತಿದ್ದರೋ ಯಾರಿಗೆ ಗೊತ್ತು. "ಬೆನ್ನುಮೂಳೆ ಮುರಿದಿದೆಯಂತೆ ಅಜ್ಜಿ. ಇನ್ನು ಎದ್ದು ನಡೆಯೋದು ಡೌಟಂತೆ" ಎಂದೆ. ನನ್ನ ಸರಪಳಿಯವನ ತಾಕತ್ತು ಎಂಥದೆಂದು ತೋರಿಸುವ ಹುಮ್ಮಸ್ಸು. ಅಣ್ಣನ ಕಡೆ ನೋಡಿದರೆ ನಗು ಬಂದುಬಿಡುತ್ತದೆಂದು ತಲೆ ತಗ್ಗಿಸಿ ತುಟಿ ಕಚ್ಚಿಕೊಂಡು ಕೂತೆ.

ಮಾರನೆಯ ದಿನ ಬಸದಿಗೆ ಹೋಗಿ ಬಂದ ಅಜ್ಜಿ ಬೆಲ್ಲವಿಲ್ಲದ ಕಾಪಿ ಕೇಳಿದಳು. "ಯಾಕತ್ತೆ, ಹುಷಾರಿಲ್ವಾ?" ಎಂದು ಅಮ್ಮ ಗಾಬರಿಯಾದಳು. "ನಿಯಮ ತಗೊಂಡಿದೀನಿ. ಆ ಹುಡುಗ ಎದ್ದು ನಡೆಯೋದನ್ನ ಕಣ್ಣಾರೆ ನೋಡೋವರೆಗೂ ಬೆಲ್ಲ ಇಲ್ಲ, ಸಿಹಿ ಇಲ್ಲ." ನಮ್ಮಲ್ಲಿ ನಿಯಮವೆಂದರೆ ಹುಡುಗಾಟವಲ್ಲ. ದೇವರೆದುರು ನಿಂತು ಒಂದು ಪದಾರ್ಥ ಬಿಟ್ಟರೆ ಬಿಟ್ಟಂತೆಯೇ. ಹೇಳಿಕೊಂಡದ್ದು ನೆರವೇರುವ ತನಕ ಅದು ಬಾಯಿಗೆ ಇಲ್ಲ. ಅಜ್ಜಿ ಆ ಕಹಿ ಕಾಪಿಯನ್ನು ಮುಖ ಸಿಂಡರಿಸದೆ ಕುಡಿದಳು.

ಅಣ್ಣ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದ. "ಹೋಗಿ ಹೇಳೋ, ಕತ್ತೆ. ಅಜ್ಜಿ ಬೆಲ್ಲ ಬಿಟ್ಟಿದಾಳೆ!"

"ಹೇಳಿದ್ರೆ ಟಿವಿ ಹೋಗುತ್ತೆ. ಮುಂದಿನ ವಾರ ಅವನು ಬಂದೇ ಬರ್ತಾನೆ, ಆಗ ತಿಂತಾಳೆ ಬಿಡು."

ಬರಲಿಲ್ಲ. ತಿಂಗಳಾದರೂ ಬರಲಿಲ್ಲ. ಅಷ್ಟರಲ್ಲಿ ಕೇಬಲಿನವನು ಆ ಚಾನೆಲನ್ನೇ ತೆಗೆದುಬಿಟ್ಟ. ಇನ್ನು ಹೇಳಿದರೆ ಕಳೆದುಕೊಳ್ಳುವುದು ಏನೂ ಇರಲಿಲ್ಲ. ಆದರೂ ಹೇಳಲಿಲ್ಲ, ನಾಚಿಕೆ. ಸುಲಭದ ದಾರಿ ಹುಡುಕಿದೆ. "ಅಜ್ಜಿ, ಅವನು ಹುಷಾರಾದನಂತೆ" ಎಂದೆ ಒಂದು ದಿನ. ಅಜ್ಜಿಯ ಮುಖ ಅರಳಿತು. "ಹೌದಾ? ಪೇಪರಲ್ಲಿ ಪಟ ಬಂದಿದ್ಯಾ? ತೋರ್ಸು." ಎಲ್ಲಿಂದ ತೋರಿಸಲಿ? ಯಾರೋ ಹೇಳಿದರು ಎಂದು ತೊದಲಿದೆ. ಅವಳು ನನ್ನ ತಲೆ ಸವರಿದಳು. ಮುದ್ದು ಬಂದಾಗ ಮಗನೇ ಎನ್ನಲು ಅವಳಿಗೆ ಮಲಯಾಳವೇ. "ಕೇಳಿದ ಮಾತಿಗೆ ನಿಯಮ ಬಿಡೋಕಾಗುತ್ತಾ ಮೋನೇ? ನೋಡಬೇಕು." ಆಮೇಲೆ ನಾನು ಆ ವಿಷಯ ಎತ್ತಲೇ ಇಲ್ಲ.

ವರ್ಷಗಳು ಹೋದವು. ಅಣ್ಣನ ಮದುವೆಯಲ್ಲಿ ಅಜ್ಜಿ ಹೋಳಿಗೆ ತಿನ್ನಲಿಲ್ಲ. ನನ್ನ ಮದುವೆಯಲ್ಲಿ ಎಲೆಯ ಮೇಲಿನ ಪಾಯಸವನ್ನು ಬೆರಳಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡು ಪಕ್ಕಕ್ಕೆ ಸರಿಸಿದಳು. ನನ್ನ ಹೆಂಡತಿ ಕಿವಿಯಲ್ಲಿ "ಅಜ್ಜಿಗೆ ಶುಗರಾ?" ಎಂದಳು. "ಹೂಂ" ಎಂದೆ. ತಾಳಿ ಕಟ್ಟಿದ ಮೇಲೆ ಹೆಂಡತಿಗೆ ಹೇಳಿದ ಮೊದಲ ಮಾತೇ ಸುಳ್ಳು. ಥೂ, ನನ್ನ ಜನ್ಮಕ್ಕಿಷ್ಟು!

ಈಗ ಅಜ್ಜಿಗೆ ಎಂಬತ್ತೆಂಟು. ಅಣ್ಣ, ಅತ್ತಿಗೆಯ ಜೊತೆ ಹಳೆಯ ಮನೆಯಲ್ಲೇ ಇದ್ದಾಳೆ. ಹೋದ ಮಳೆಗಾಲದಲ್ಲಿ ಜ್ವರ ಬಂದು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದಳು. ನಿತ್ರಾಣವಾಗಿದೆಯೆಂದು ನರ್ಸು ಗ್ಲೂಕೋಸ್ ಪುಡಿ ಕದಡಿದ ನೀರು ಕೊಟ್ಟರೆ ಬಾಯಿ ಬಿಗಿದುಕೊಂಡು ತಲೆಯಾಡಿಸಿದಳು. ನಾನು ಮಂಚದ ಪಕ್ಕದಲ್ಲೇ ನಿಂತಿದ್ದೆ. ಇವಳು ಹೀಗೇ ಹೋಗಿಬಿಟ್ಟರೆ, ನನ್ನ ಸುಳ್ಳನ್ನು ನಾಲಿಗೆಯ ಮೇಲೆ ಹೊತ್ತುಕೊಂಡೇ ಹೋಗುತ್ತಾಳೆ ಎನ್ನಿಸಿತು. ಆಗಲಾದರೂ ಹೇಳಬಹುದಿತ್ತು. ಜ್ವರ ಇಳಿಯಲಿ ಎಂದುಕೊಂಡೆ. ಜ್ವರ ಇಳಿಯಿತು, ನಾನು ಮಾನಂದವಾಡಿಯ ನನ್ನ ಟೈಲ್ಸ್ ಅಂಗಡಿಗೆ ವಾಪಸಾದೆ.

ನಮ್ಮ ಶಾಲೆಯ ಕೆಲವರದೊಂದು ವಾಟ್ಸಾಪ್ ಗುಂಪಿದೆ. ಆ ಕುಸ್ತಿ ಕಾರ್ಯಕ್ರಮವನ್ನು ನೆನೆಸಿಕೊಳ್ಳುವುದಷ್ಟೇ ಅದರ ಕೆಲಸ. ತಲೆ ನರೆತ, ಹೊಟ್ಟೆ ಬಂದ ಗಂಡಸರು "ನಮ್ಮ ಕಾಲದ್ದೇ ಕುಸ್ತಿ, ಈಗಿನದ್ದೆಲ್ಲ ಡಾನ್ಸು" ಎಂದು ದಿನವಿಡೀ ಕಿತ್ತಾಡುತ್ತೇವೆ. ಕಳೆದ ತಿಂಗಳು ಒಬ್ಬ ಎರಡು ವಿಡಿಯೋ ಕಳಿಸಿದ. ಒಂದು, ಆ ಕುರ್ಚಿಯ ಭಾನುವಾರದ್ದು. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ಹಾಕಿ ನೋಡಿದೆ. ಹಾಳಾದ್ದು, ಕುರ್ಚಿ ಬೆನ್ನಿಗೆ ಸರಿಯಾಗಿ ತಾಗಿಯೂ ಇರಲಿಲ್ಲ. ಇನ್ನೊಂದು, ಈಚೆಗೆ ಅಮೆರಿಕದ ಹಳೇ ಅಭಿಮಾನಿಗಳು ಕೂಡಿದ ಸಭೆ. ಬಿಳಿಗೂದಲಿನ ಮುದುಕನೊಬ್ಬ ಟಕಟಕನೆ ನಡೆದು ಬಂದು ವೇದಿಕೆ ಹತ್ತುವಾಗ ಮೆಟ್ಟಿಲು ಮುಟ್ಟಿ ಹಣೆಗೊತ್ತಿಕೊಂಡ. ನಾನು ಕೂತಲ್ಲಿಂದ ಎದ್ದುಬಿಟ್ಟೆ.

ಈಗ ನನಗೆ ಇಂಗ್ಲಿಷು ಅರ್ಥವಾಗುತ್ತದೆ. ಆ ದಿನ ತನಗೆ ಏನೂ ಆಗಲಿಲ್ಲ, ಪರದೆಯ ಹಿಂದೆ ಸ್ಟ್ರೆಚರಿನಿಂದಿಳಿದು ಬ್ರೆಡ್ಡು ತಿಂದು ಮನೆಗೆ ಹೋದೆ, ಸೋತು ಸೋತು ಬೇಜಾರಾಗಿ ಕುಸ್ತಿ ಬಿಟ್ಟು ಬಸ್ ಓಡಿಸಲು ಸೇರಿದೆ ಎಂದು ಅವನು ಹೇಳುತ್ತಿದ್ದ. ಸಭೆಯವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಅಂಗಡಿ ಮುಚ್ಚಿ, ಒಂದು ಅಚ್ಚು ಬೆಲ್ಲ ಕೊಂಡು, ಸ್ಕೂಟರ್ ಹತ್ತಿದೆ. ಮೊದಲು ತಪ್ಪೊಪ್ಪಿಕೊಳ್ಳುವುದು, ಆಮೇಲೆ ವಿಡಿಯೋ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದೆ. ಜಗಲಿಯಲ್ಲಿ ಮೊರ ಹಿಡಿದು ಕೂತಿದ್ದ ಅಜ್ಜಿ "ಬಾ ಮೋನೇ" ಎಂದಳು ನೋಡಿ, ಅಷ್ಟಕ್ಕೇ ಧೈರ್ಯ ಉಡುಗಿತು. ಮೊದಲು ವಿಡಿಯೋ ತೋರಿಸಿದೆ.

ಅವಳು ಫೋನನ್ನು ಆಪರೇಷನ್ ಆದ ಕಣ್ಣಿನ ಹತ್ತಿರ ಹಿಡಿದಳು. ಯಾರೋ ಎನ್ನುವಂತೆ ನೋಡಿದಳು. ಅವನು ಮೆಟ್ಟಿಲು ಮುಟ್ಟಿದ. "ಅಯ್ಯಯ್ಯೋ! ನಮ್ಮ ಹಳದಿ ಚಡ್ಡಿಯವನು ಕಣೋ! ನಡೀತಿದಾನೆ!" ಮತ್ತೆ ಹಾಕಿಸಿದಳು, ಮತ್ತೆ ನೋಡಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಕೊನೆಗೆ ನನ್ನ ಕಡೆ ತಿರುಗಿ, ಆಗ ಕೇಳುತ್ತಿದ್ದ ಹಾಗೆಯೇ ಕೇಳಿದಳು.

"ಏನಂತಾನೋ?"

ಅವನು ಹೇಳಿದ್ದನ್ನು ಹಾಗೆಯೇ ಕನ್ನಡದಲ್ಲಿ ಹೇಳಿದ್ದರೆ ಮುಗಿಯುತ್ತಿತ್ತು. ಬೇರೆ ತಪ್ಪೊಪ್ಪಿಗೆಯೇ ಬೇಕಿರಲಿಲ್ಲ.

"ಈಗ ಚೆನ್ನಾಗಿದೀನಿ ಅಂತಾನೆ ಅಜ್ಜಿ" ಎಂದೆ.

ಅವಳು ಬಸದಿಯ ದಿಕ್ಕಿಗೆ ತಿರುಗಿ ಎರಡೂ ಕೈ ಮುಗಿದಳು. ಆಮೇಲೆ ನನ್ನ ಗಲ್ಲ ಹಿಡಿದುಕೊಂಡಳು. "ಅವತ್ತು ನೀನು ಮಂಚದ ಮೇಲೆ ನಿಂತು ಹೊಡಿ ಹೊಡಿ ಅಂತ ಕೂಗಿದ್ದೆ, ನೆನಪಿದ್ಯಾ? ಹೊಡೆದವನಿಗೆ ಎಷ್ಟೋ ಕೂಗಿದವನಿಗೂ ಅಷ್ಟೇ ಪಾಪ. ಆಮೇಲೆ ಅವನ ಬೆನ್ನು ಮುರೀತು ಅಂತ ಹೇಳುವಾಗ ತಲೆ ತಗ್ಗಿಸಿ ತುಟಿ ಕಚ್ಕೊಂಡು ಕೂತಿದ್ಯಲ್ಲ, ನನ್ನ ಕರುಳು ಕಿತ್ತು ಬಂತು. ಮಗು ಇದು, ಇದರ ತಲೆ ಮೇಲೆ ಆ ಪಾಪ ಬೇಡ ಅಂತ ನಾನು ನಿಯಮ ತಗೊಂಡೆ. ಇವತ್ತಿಗೆ ನಿಂದು ತೀರಿತು ಬಿಡು."

ಅವಳು ಬೆಲ್ಲ ಬಿಟ್ಟದ್ದು ಅವನಿಗಾಗಿ ಎಂದು ನಾನು ಇಷ್ಟು ವರ್ಷ ತಿಳಿದುಕೊಂಡಿದ್ದೆ. "ಅಜ್ಜಿ, ಒಂದು ಮಾತು" ಎಂದು ಶುರು ಮಾಡಿದೆ. ನಿಜವಾಗಿಯೂ ಶುರು ಮಾಡಿದೆ. ಅಷ್ಟರಲ್ಲಿ ಅವಳು ನಾನು ತಂದ ಪೊಟ್ಟಣ ಬಿಚ್ಚಿ, ಅಚ್ಚನ್ನು ಜಗಲಿಯ ಅಂಚಿಗೆ ಕುಟ್ಟಿ ಒಂದು ಚೂರು ಮುರಿದಿದ್ದಳು. "ಮಾತು ಆಮೇಲೆ. ಬಾಯಿ ತೆಗಿ." ತೆಗೆದೆ. ಮೊದಲ ಚೂರು ನನ್ನ ಬಾಯಿಗೇ ಇಟ್ಟಳು.

ಎರಡನೆಯದನ್ನು ತನ್ನ ಹಲ್ಲಿಲ್ಲದ ಬಾಯಿಗೆ ಹಾಕಿಕೊಂಡು, ಮೊದಲಿನ ಹಾಗೆಯೇ ನಾಲಿಗೆಯ ಮೇಲೆ ಹೊರಳಿಸಿದಳು. ಅತ್ತಿಗೆ ಬಾಗಿಲಲ್ಲಿ ಬಂದು ನಿಂತಿದ್ದಳು.

"ಒಳ್ಳೇ ಬೆಲ್ಲ" ಎಂದಳು ಅಜ್ಜಿ. "ಮೋಸ ಇಲ್ಲ ಇದರಲ್ಲಿ."

ನಾನು ಬೆಲ್ಲ ನುಂಗಿದೆ. ಹೇಳಲಿಲ್ಲ.