ಜಬಿಯನ್ನು ಯಾರೂ ಕೊಳ್ಳದ ವರ್ಷ

ಇವತ್ತು ಬೆಳಿಗ್ಗೆ ತುಮಕೂರಿನಿಂದ ಬಂದ ಔಷಧಿಯ ಡಬ್ಬ ಬಿಚ್ಚಿದರೆ, ಒಳಗೆ ನೋವಿನ ಮುಲಾಮಿನ ಟ್ಯೂಬೊಂದು ಒಡೆದುಹೋಗಿತ್ತು. ಅಂಗಡಿ ತುಂಬಾ ಅದರದೇ ಘಾಟು. ಬೇರೆ ದಿನವಾಗಿದ್ದರೆ ಏಜೆನ್ಸಿಗೆ ಫೋನು ಮಾಡಿ, "ಏನ್ರೀ, ಡಬ್ಬಾನ ಒದ್ಕೊಂಡ್ ಬಂದ್ರಾ?" ಅಂತ ಒಂದು ಸುತ್ತು ಜಗಳ ತೆಗೆಯುತ್ತಿದ್ದೆ. ಇವತ್ತು ಬಾಯಿ ಬರಲಿಲ್ಲ. ಕೈಗೆ ಮೆತ್ತಿದ್ದನ್ನು ಒರೆಸಿಕೊಳ್ಳುತ್ತಾ ಸ್ಟೂಲಿನ ಮೇಲೆ ಕೂತೆ. ಬರುವ ಭಾನುವಾರ ಕಬಡ್ಡಿ ಲೀಗಿನ ಹರಾಜು ಬೇರೆ ಇದೆ. ಈ ವಾಸನೆ, ಆ ಹರಾಜು ಎರಡೂ ಒಟ್ಟಿಗೆ ಬಂದರೆ ನನಗೆ ಜಬಿಯ ಮುಖ ನೆನಪಾಗುತ್ತದೆ. ನೆನಪಾದರೆ ನಾಚಿಕೆಯಾಗುತ್ತದೆ. ಅಂಗಡಿಯಲ್ಲಿ ಒಬ್ಬನೇ ಇದ್ದರೂ ತಲೆ ತಗ್ಗಿಸಿಕೊಂಡು ಕೂರುವಂಥ ನಾಚಿಕೆ.

ನಿಮಗೆ ನನ್ನ ಅಂಗಡಿ ಗೊತ್ತಿರಲಾರದು. ಗುಬ್ಬಿ ಬಸ್‌ಸ್ಟ್ಯಾಂಡಿನಿಂದ ನಾಲ್ಕು ಹೆಜ್ಜೆ, ಮುಂದುಗಡೆ ಒಂದು ಕಲ್ಲುಬೆಂಚು ಇರುವ ಮೆಡಿಕಲ್ ಸ್ಟೋರು. ಬೆಂಚು ಹಾಕಿಸಿದ್ದು ಕಾಯಿಲೆಯವರಿಗೆ. ಆದರೆ ಕಾಯಿಲೆಯವರು ಪಾಪ ನಿಂತೇ ಇರುತ್ತಾರೆ, ಕೂತಿರುವವರೆಲ್ಲ ಗುಂಡುಕಲ್ಲಿನ ಹಾಗಿರುವ ಕಬಡ್ಡಿ ಹುಚ್ಚಿನವರು. ಚೇಳೂರಿನಿಂದ ಬಸ್ಸು ಹತ್ತಿ ಬಂದು ಕೂರುವವರೂ ಇದ್ದಾರೆ. ನಮ್ಮ ಕಡೆ ಕೆಲವು ವರ್ಷಗಳಿಂದ ಜಿಲ್ಲಾ ಮಟ್ಟದ ಲೀಗು ನಡೆಯುತ್ತಿದೆ. ಬೋರ್‌ವೆಲ್ ಲಾರಿಯವರು, ಸೈಟು ಮಾರುವವರು, ಕೊಬ್ಬರಿ ವ್ಯಾಪಾರದವರು ಒಂದೊಂದು ಟೀಮು ಕಟ್ಟುತ್ತಾರೆ. ತುಮಕೂರಿನ ಒಂದು ಕಲ್ಯಾಣಮಂಟಪದಲ್ಲಿ ಆಟಗಾರರನ್ನು ಪಾಯಿಂಟು ಕೂಗಿ ಹರಾಜಿನಲ್ಲಿ ಕೊಳ್ಳುತ್ತಾರೆ. ಆಟ ಮುಗಿಯುವುದಕ್ಕೆ ಹತ್ತು ದಿನವೂ ಬೇಡ. ಅದಕ್ಕೆ ಮುಂಚೆ ಯಾರು ಯಾರ ಪಾಲಾಗುತ್ತಾರೆ ಎಂಬ ನಮ್ಮ ವಾದಕ್ಕೆ ಮಾತ್ರ ಎರಡು ತಿಂಗಳು ಸಾಲದು. ನಿಜ ಹೇಳಬೇಕೆಂದರೆ ನಮಗೆ ಆಟ ನೋಡುವುದಕ್ಕಿಂತ ಹರಾಜಿನ ಫಲಿತಾಂಶವನ್ನು ಮೊದಲೇ ಹೇಳಿ, "ನಾನ್ ಹೇಳ್ಲಿಲ್ವಾ?" ಅನ್ನುವುದರಲ್ಲೇ ಹೆಚ್ಚು ಸುಖ. ಔಷಧಿ ಡಬ್ಬದ ರಟ್ಟು ಹರಿದು ಅದರ ಮೇಲೆ ಪಟ್ಟಿ ಬರೆಯುತ್ತಿದ್ದೆವು. ಸೋತವನು ಬೆಂಚಿನವರಿಗೆಲ್ಲ ಖಾರಾ ಬನ್ನು ಕೊಡಿಸಬೇಕು.

ಈ ವಾದದಲ್ಲಿ ನನ್ನ ಎದುರಾಳಿ ರಂಗಪ್ಪ ಮೇಷ್ಟ್ರು. ಹೈಸ್ಕೂಲಿನಲ್ಲಿ ನಮಗೆ ಪಿ.ಟಿ. ಹೇಳಿಕೊಟ್ಟವರು, ಈಗ ರಿಟೈರಾಗಿದ್ದಾರೆ. ಒಂಬತ್ತನೇ ಕ್ಲಾಸಿನಲ್ಲಿ ನನ್ನನ್ನು ಕಿವಿ ಹಿಡಿದು ಅಂಕಣದಿಂದ ಆಚೆ ಕಳಿಸಿದವರೂ ಅವರೇ. ನಾನು ಎದುರು ಟೀಮಿನವನನ್ನು ಹಿಡಿಯುವ ಬದಲು ನಮ್ಮವನ ಚಡ್ಡಿ ಹಿಡಿದು ಎಳೆದಿದ್ದೆ. ಅಂಥ ಆಟಗಾರ ನಾನು. ಎರಡು ವರ್ಷ ಸತತವಾಗಿ ಮೇಷ್ಟ್ರ ಪಟ್ಟಿಯೇ ನಿಜವಾಯಿತು, ಎರಡು ವರ್ಷವೂ ಬನ್ನು ಕೊಡಿಸಿದ್ದು ನಾನೇ. ಬನ್ನಿನದಲ್ಲ ಬೇಜಾರು. ತಿನ್ನುತ್ತಾ ಅವರು ಆಡುತ್ತಿದ್ದ ಮಾತು ಉರಿಯುತ್ತಿತ್ತು.

"ಲೇ, ನೀನು ಮಾತ್ರೆ ಎಣಿಸ್ಕೊಂಡ್ ಇರೋನು ಕಣೋ. ಆಟಗಾರನ್ನ ಅಳೆಯೋದು ನಮ್ಗೆ ಬುಡು."

ಬೆಂಚೆಲ್ಲ ಕಿಸಕ್ಕೆಂದು ನಗುತ್ತಿತ್ತು. ಹಿಟ್ಟಿನ ಗಿರಣಿ ಶಿವಣ್ಣನಂತೂ ಕೆಮ್ಮು ಬರುವ ತನಕ ನಗುತ್ತಿದ್ದ. ಈ ಶಿವಣ್ಣನ ಭಾವಮೈದ ಕುಣಿಗಲ್ ಟೀಮಿನ ಯಜಮಾನ ಎಂಬುದನ್ನು ನೀವು ಮನಸ್ಸಿನಲ್ಲಿಟ್ಟುಕೊಳ್ಳಿ. ನಾನು ಇಟ್ಟುಕೊಂಡಿರಲಿಲ್ಲ.

ಇನ್ನು ಜಬಿ. ಪೂರ್ತಿ ಹೆಸರು ಜಬೀವುಲ್ಲಾ. ಟೈಲರ್ ಬಾಷಾ ಭಾಯ್ ಮಗ. ಹಿರೇಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಕಾಂಟ್ರಾಕ್ಟ್ ಕೆಲಸ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆ ಇಳಿದು, ಮನೆಗೂ ಹೋಗದೆ ಮೈದಾನಕ್ಕೆ ಹೋಗುತ್ತಿದ್ದ. ರೈಡಿಗೆ ಹೋದನೆಂದರೆ, ಹಿಡಿಯಲು ಬಂದ ಇಬ್ಬರ ಕೈ ಮೇಲೆ ಹಾರಿ ಗೆರೆ ಮುಟ್ಟುತ್ತಿದ್ದ. ಅವನು ಹಾರುವಾಗ ಮೇಷ್ಟ್ರು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ನಾನು ಹೇಳುತ್ತಿರುವುದು ಎರಡು ವರ್ಷದ ಹಿಂದಿನ ಮಾತು. ಅವನಿಗೆ ಆ ವರ್ಷದ ಹರಾಜು ಬರೀ ಹೆಸರಿನ ಮಾತಾಗಿರಲಿಲ್ಲ. ಲೀಗಿನಲ್ಲಿ ಆಡಿದವನಾದರೆ ಫ್ಯಾಕ್ಟರಿ ಟೀಮಿಗೆ ಸೇರಿಸಿಕೊಂಡು ಕೆಲಸ ಪರ್ಮನೆಂಟ್ ಮಾಡುತ್ತೇವೆ ಎಂದು ಅಲ್ಲಿನವರು ಹೇಳಿದ್ದರು. ಬಾಷಾ ಭಾಯ್ ಅದನ್ನು ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ಮೇಷ್ಟ್ರು ತಮ್ಮ ಪಟ್ಟಿಯಲ್ಲಿ ಮೊದಲ ಹೆಸರಾಗಿ ದಪ್ಪಕ್ಷರದಲ್ಲಿ ಬರೆದರು: ಜಬಿ, ಕುಣಿಗಲ್ ಟೀಮಿಗೆ.

ಈಗ ನನ್ನ ಘನಕಾರ್ಯಕ್ಕೆ ಬರುತ್ತೇನೆ. ತಡಮಾಡುತ್ತಿದ್ದೇನೆ ಅಂತ ನಿಮಗೂ ಗೊತ್ತಾಗಿರಬೇಕು.

ಹರಾಜಿಗೆ ಒಂದು ತಿಂಗಳಿರುವಾಗ ಜಬಿ ಅಂಗಡಿಗೆ ಬಂದ. ಮಂಡಿಗೆ ಹಾಕುವ ನೀ ಕ್ಯಾಪು, ಇದೇ ಮುಲಾಮು, ಒಂದು ಸ್ಟ್ರಿಪ್ ನೋವಿನ ಮಾತ್ರೆ ಕೇಳಿದ. "ಸೈಜು?" ಅಂದೆ. "ಗೊತ್ತಿಲ್ಲಣ್ಣ, ನೀವೇ ನೋಡಿ ಕೊಡಿ" ಅಂದ. ನಾನು ಕೌಂಟರಿನ ಮೇಲಿಂದ ಬಗ್ಗಿ ಅವನ ತೊಡೆ ಕಡೆ ಒಂದು ನೋಟ ಹಾಯಿಸಿ ದೊಡ್ಡದನ್ನೇ ಕೊಟ್ಟೆ. "ಕವರಲ್ಲಿ ಹಾಕ್ಬಿಡಿ ಅಣ್ಣ, ಬಸ್ಸಿಂದ ಇಳ್ದೋನು ಹಾಗೇ ಬಂದೆ, ಲೇಟಾಯ್ತು" ಅಂತ ಬ್ಯಾಗಿಗೆ ತುರುಕಿಕೊಂಡು ಹೊರಟ. ಆಮೇಲೆ ಪ್ರತಿ ಶನಿವಾರವೂ ಮುಲಾಮು, ಮಾತ್ರೆ. ನಾನು ಒಂದೇ ಒಂದು ಮಾತು ಕೇಳಲಿಲ್ಲ. ಕೇಳುವುದು ಯಾಕೆ? ಈ ಕಸುಬಿನಲ್ಲಿ ನನ್ನಂಥ ಬುದ್ಧಿವಂತರಿಗೆ ಒಂದು ರೋಗವಿದೆ. ಯಾರು ಏನು ಕೊಂಡರು ಎಂಬುದರ ಮೇಲೇ ಅವರ ಮನೆಯ ಕಥೆಯನ್ನೆಲ್ಲ ಮನಸ್ಸಿನಲ್ಲಿ ಬರೆದು ಮುಗಿಸುತ್ತೇವೆ. ಜಬಿಯ ಮಂಡಿ ಹೋಗಿದೆ, ಹರಾಜಾಗುವ ತನಕ ಮುಚ್ಚಿಟ್ಟಿದ್ದಾನೆ ಅಂತ ತೀರ್ಮಾನ ಮಾಡಿಬಿಟ್ಟೆ. ಪಾಪ ಅನ್ನಿಸಿತು. ಆದರೆ ಅದಕ್ಕಿಂತ ಹೆಚ್ಚಾಗಿ ಮೇಷ್ಟ್ರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿದೆ ಅನ್ನಿಸಿ ಒಳಗೊಳಗೇ ಹಿಗ್ಗಿದೆ.

ಅಂಗಡಿ ಶುರುಮಾಡಿದ ನಮ್ಮಪ್ಪ, ಕೌಂಟರಿನ ಮೇಲೆ ಬಂದ ವಿಷಯ ಬೀದಿಗೆ ಹೋಗಕೂಡದು ಅಂತ ಹೇಳಿಕೊಟ್ಟಿದ್ದರು. ಊರಿನ ಎಷ್ಟೋ ಜನರ ಸಕ್ಕರೆ ಕಾಯಿಲೆ, ಮೂಲವ್ಯಾಧಿ, ನಿದ್ದೆ ಮಾತ್ರೆ ಎಲ್ಲ ನನ್ನ ಹೊಟ್ಟೆಯಲ್ಲೇ ಇವೆ. ಹೆಂಡತಿ ಕೇಳಿದರೂ ಹೇಳಿದವನಲ್ಲ. ಅಂಥವನು ಒಂದು ಖಾರಾ ಬನ್ನಿನ ಪಂದ್ಯಕ್ಕೆ ಬಾಯಿ ಬಿಟ್ಟೆ.

ಹರಾಜಿಗೆ ಮೂರು ದಿನ ಇತ್ತು. ನನ್ನ ರಟ್ಟಿನಲ್ಲಿ ಜಬಿಯ ಹೆಸರಿನ ಮುಂದೆ 'ಅನ್‌ಸೋಲ್ಡ್' ಅಂತ ಬರೆದೆ. ಮೇಷ್ಟ್ರು ಓದಿ ಗಹಗಹಿಸಿ ನಕ್ಕರು.

"ಏನಯ್ಯಾ ಇದು, ಎಕ್ಸ್‌ಪೈರಿ ಆದ ಮಾತ್ರೆ ಏನಾದ್ರೂ ನುಂಗಿದ್ಯಾ?"

ಬೆಂಚು ಹೋ ಎಂದು ನಕ್ಕಿತು. ನನ್ನ ಕಿವಿ ಬಿಸಿಯಾಯಿತು.

"ನಗಿ ಮೇಷ್ಟ್ರೇ, ನಗಿ" ಅಂದೆ. "ಯಾವನ ಮಂಡಿ ಯಾವ ಸ್ಥಿತೀಲಿದೆ ಅಂತ ಮೈದಾನದಲ್ಲಿ ನಿಂತ್ರೆ ಗೊತ್ತಾಗಲ್ಲ. ಇಲ್ಲಿ ನಿಂತ್ರೆ ಗೊತ್ತಾಗುತ್ತೆ. ವಾರವಾರ ಮುಲಾಮು ಕೊಡ್ತಿರೋನು ನಾನು."

ನಗು ನಿಂತಿತು. ಎಲ್ಲರೂ ನನ್ನನ್ನೇ ನೋಡಿದರು. ಆ ಒಂದು ಗಳಿಗೆ ಎಷ್ಟು ರುಚಿಯಾಗಿತ್ತೆಂದರೆ, ಈಗ ಹೇಳಲು ಹೇಸಿಗೆಯಾಗುತ್ತದೆ. ಮೇಷ್ಟ್ರು, "ಜಬಿ ಮಂಡಿ ಕಲ್ಲಿದ್ದಂಗಿದೆ, ಹೋಗಯ್ಯಾ" ಅಂದರು, ಆದರೆ ದನಿ ಇಳಿದಿತ್ತು. ಶಿವಣ್ಣ ಮಾತ್ರ ನಗಲೂ ಇಲ್ಲ, ಕೆಮ್ಮಲೂ ಇಲ್ಲ. ಪಂಚೆ ಕೊಡವಿಕೊಂಡು ಎದ್ದು, ಫೋನು ಕಿವಿಗಿಟ್ಟುಕೊಂಡು ಗಿರಣಿ ಕಡೆ ಹೋದ.

ಭಾನುವಾರ ನಾವೆಲ್ಲ ತುಮಕೂರಿಗೆ ಹೋದೆವು. ಕಲ್ಯಾಣಮಂಟಪದಲ್ಲಿ ಉಪ್ಪಿಟ್ಟು, ಕಾಫಿ, ಮೈಕು. ಯಜಮಾನರೆಲ್ಲ ಮುಂದಿನ ಟೇಬಲ್ಲುಗಳಲ್ಲಿ ನಂಬರಿನ ಹಲಗೆ ಇಟ್ಟುಕೊಂಡು ಕೂತಿದ್ದರು. ಆಟಗಾರರು ಬಲಗಡೆ, ಇಸ್ತ್ರಿ ಮಾಡಿದ ಅಂಗಿಯಲ್ಲಿ. ಜಬಿಯದು ತಿಳಿನೀಲಿ ಅಂಗಿ, ಬಾಷಾ ಭಾಯ್ ಹೊಸದಾಗಿ ಹೊಲಿದದ್ದು. ನನ್ನನ್ನು ಕಂಡು ಕೈ ಎತ್ತಿ ನಕ್ಕ. ನಾನೂ ನಕ್ಕೆ ನೋಡಿ, ನನ್ನ ಮುಖಕ್ಕಿಷ್ಟು!

ಅವನ ಹೆಸರು ಕೂಗಿದರು. ಕುಣಿಗಲ್ ಯಜಮಾನನ ಹಲಗೆ ಟೇಬಲ್ಲಿನ ಮೇಲೇ ಇತ್ತು. ಕೈ ಮಾತ್ರ ಮಡಿಲಲ್ಲಿ. ಪಕ್ಕದ ಟೇಬಲ್ಲಿನವರು ಅವನ ಕಡೆ ನೋಡಿದರು, ಅವನು ಮಂಡಿ ಮುಟ್ಟಿ ತೋರಿಸಿ ಬೇಡವೆಂದು ತಲೆ ಆಡಿಸಿದ. ಆಮೇಲೆ ಯಾರೂ ಎತ್ತಲಿಲ್ಲ. ಮೈಕಿನವನು, "ಯಾರಾದ್ರೂ ಸಾರ್? ಒಳ್ಳೆ ರೈಡರ್ ಸಾರ್, ಯಾರಾದ್ರೂ?" ಅಂತ ಎರಡು ಸಲ ಕೇಳಿದ. ಮೂರನೇ ಸಲ, "ಜಬೀವುಲ್ಲಾ, ಗುಬ್ಬಿ, ಅನ್‌ಸೋಲ್ಡ್" ಅಂದ.

ನಾನು ಕುರ್ಚಿಯಿಂದ ಎದ್ದು ಚಪ್ಪಾಳೆ ಹೊಡೆದೆ. ಹೌದು, ಎದ್ದು. "ನಾನ್ ಹೇಳ್ಲಿಲ್ವಾ ಮೇಷ್ಟ್ರೇ! ಹೇಳ್ಲಿಲ್ವಾ!" ಅಂತ ಕೂಗಿದೆ. ಮಂಟಪ ಸದ್ದಿಲ್ಲದೆ ಇದ್ದಿದ್ದರಿಂದ ಅದು ಎಲ್ಲರಿಗೂ ಕೇಳಿಸಿತು. ಜಬಿ ತಿರುಗಿ ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಅರ್ಥವಾಗದವನ ಹಾಗೆ ನೋಡುತ್ತಿದ್ದ. ಮೇಷ್ಟ್ರು ನನ್ನ ಅಂಗಿ ಹಿಡಿದು ಕೂರಿಸಿದರು. ಜಬಿಯ ಬದಲು ಹುತ್ರಿದುರ್ಗದ ಕಡೆಯ ಯಾರನ್ನೋ ಕುಣಿಗಲ್‌ನವರು ತೆಗೆದುಕೊಂಡರು. ವಾಪಸು ಬರುವಾಗ ಬಸ್ಸಿನಲ್ಲಿ ಮೇಷ್ಟ್ರು ನನ್ನ ಜೊತೆ ಮಾತಾಡಲಿಲ್ಲ. ಸೋತ ಹೊಟ್ಟೆಯುರಿ ಅಂದುಕೊಂಡೆ.

ನಾಲ್ಕು ದಿನದ ಮೇಲೆ ಬಾಷಾ ಭಾಯ್ ಅಂಗಡಿಗೆ ಬಂದರು. ಗೋಡೆ ಹಿಡಿದುಕೊಂಡು ನಿಧಾನವಾಗಿ ಮೆಟ್ಟಿಲು ಹತ್ತಿ, ಕೌಂಟರಿನ ಮೇಲೆ ಒಂದು ನೀ ಕ್ಯಾಪು ಇಟ್ಟರು.

"ಸಾರ್, ಇದು ಕಾಲಲ್ಲೇ ನಿಲ್ಲಲ್ಲ, ಜಾರ್ಕೊಂಡ್ ಬರುತ್ತೆ. ಒಂದು ಸೈಜು ಚಿಕ್ಕದು ಕೊಡಿ. ಹುಡುಗ ತಂದ್ಕೊಟ್ಟ, ಅವನಿಗೆ ಅಳತೆ ಗೊತ್ತಾಗ್ಲಿಲ್ಲ ನೋಡಿ. ಮಿಷನ್ ತುಳ್ದು ತುಳ್ದು ನನ್ ಮಂಡಿ ಹೊರಟೋಗಿದೆ."

ಅವರು ಪೈಜಾಮ ಮೇಲೆತ್ತಿ ತೋರಿಸಿದರು. ಊದಿದ ಮಂಡಿ, ಒಣಗಿದ ಕಾಲು. ಅಂಥ ಕಾಲಿಗೆ ನಾನು ಒಬ್ಬ ರೈಡರನ ತೊಡೆ ನೋಡಿ ಅಳತೆ ಕೊಟ್ಟಿದ್ದೆ. ಆಗಲೇ ಹೇಳಬೇಕಿತ್ತು. ನಾನು ಮಾಡಿದ್ದೇನು ಗೊತ್ತೇ? ಚಿಕ್ಕ ಸೈಜು ತೆಗೆದು, ನಾನೇ ಕೂತು ಅವರ ಕಾಲಿಗೆ ಹಾಕಿ, ಮುಲಾಮಿನ ಟ್ಯೂಬೊಂದನ್ನು ದುಡ್ಡಿಲ್ಲದೆ ಕೊಟ್ಟೆ. "ನಿಮ್ ಕೈಗುಣ ಚೆನ್ನಾಗಿದೆ ಸಾರ್" ಅಂತ ಹರಸಿ ಹೋದರು.

ಆಮೇಲೆ ನಾನು ಧೈರ್ಯ ತಂದುಕೊಂಡು ಒಂದು ಸಲ ಶಿವಣ್ಣನ ಹತ್ತಿರ ಬಾಯಿಬಿಟ್ಟೆ. "ಜಬಿ ಮಂಡಿಗೆ ಏನೂ ಆಗಿಲ್ವಂತೆ ಕಣೋ" ಅಂದೆ. ಆ 'ಅಂತೆ'ಯೇ ನನ್ನ ಧೈರ್ಯದ ಅಳತೆ. "ಈಗ ಮುಚ್ಚಾಕಕ್ ನೋಡ್ತಿಯಾ? ನೀನು ಔಷಧಿ ಕೊಟ್ಟೋನು, ನಿಂಗೊತ್ತಿಲ್ವಾ?" ಅಂತ ಅವನು ಕಣ್ಣು ಮಿಟುಕಿಸಿದ. ಕಾಲು ಹೋದವನು ಎಂದು ಒಮ್ಮೆ ಹೆಸರಾದ ಮೇಲೆ ಜಬಿಯನ್ನು ಸುತ್ತಲಿನ ಟೂರ್ನಮೆಂಟಿಗೂ ಕರೆಯುವುದು ಬಿಟ್ಟರು. ಮಾರನೇ ವರ್ಷ ಅವನು ಲೀಗಿಗೆ ಹೆಸರೇ ಕೊಡಲಿಲ್ಲ. ಇವತ್ತಿಗೂ ಅದೇ ಹಿರೇಹಳ್ಳಿ ಬಸ್ಸು, ಅದೇ ಕಾಂಟ್ರಾಕ್ಟು. ಹರಾಜಿನ ದಿನದಿಂದ ನನ್ನ ಅಂಗಡಿಗೆ ಬಂದಿಲ್ಲ. ರಸ್ತೆಯ ಆಚೆ ಬದಿಯಲ್ಲೇ ನಡೆದುಹೋಗುತ್ತಾನೆ. ನಾನು ಆ ಹೊತ್ತಿಗೆ ಸರಿಯಾಗಿ ಯಾವುದಾದರೂ ಡಬ್ಬ ಹುಡುಕುವವನ ಹಾಗೆ ಕೆಳಗೆ ಬಗ್ಗುತ್ತೇನೆ. ಎರಡು ವರ್ಷ ಹೀಗೆ ಬಗ್ಗಿದ್ದೇನೆ.

ಇವತ್ತು ಯಾಕೋ ಬಗ್ಗಲಾಗಲಿಲ್ಲ. ಆ ವಾಸನೆಯಲ್ಲಿ ಕೂರಲಾರದೆ, ಶಟರ್ ಅರ್ಧ ಎಳೆದು ಬಾಷಾ ಭಾಯ್ ಮನೆಗೆ ಹೋದೆ. ಒಬ್ಬರೇ ಹೊಲಿಯುತ್ತಿದ್ದರು. "ಅರೆ, ಸಾರ್! ಬನ್ನಿ ಬನ್ನಿ" ಅಂತ ಬಟ್ಟೆ ಸರಿಸಿ ಜಾಗ ಕೊಟ್ಟರು. ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ಸೈಜಿನಿಂದ ಹಿಡಿದು ಚಪ್ಪಾಳೆಯ ತನಕ.

ಮಿಷನ್ ನಿಂತಿತು.

"ಯಾರ್‌ಗೆ ಅಂತ ಒಂದ್ ಮಾತು ಕೇಳ್ಬಾರ್ದಿತ್ತಾ ಸಾರ್?"

"ಕೇಳ್ಬೇಕಿತ್ತು ಬಾಷಾ ಭಾಯ್. ತಪ್ಪಾಯ್ತು."

"ಯಾವನೋ ಪಾಪಿ ಹಿಂಗ್ ಹಬ್ಬಿಸಿದ್ನಲ್ಲ ಅಂತ ದಿನಾ ಶಾಪ ಹಾಕ್ತಿದ್ದೆ. ನಿಮ್ ಮುಲಾಮು ಹಚ್ಕೊಂಡೇ ಹಾಕ್ತಿದ್ದೆ." ಕೈಯೆತ್ತಿ ಕಣ್ಣೊರೆಸಿಕೊಂಡರು. "ನಂಗ್ಯಾಕ್ ಹೇಳ್ತೀರ ಇದನ್ನ? ಮನೇಲಿ ಕದ್ದು ಹೇಳೋ ಮಾತಾ ಇದು? ಎಲ್ಲಿ ಹೇಳಿದ್ರೋ ಅಲ್ಲೇ ಹೋಗಿ ಹೇಳಿ."

ಟೀ ಕೊಡಲಿಲ್ಲ. ಕೊಡಬೇಕಾಗಿಯೂ ಇರಲಿಲ್ಲ.

ಸಂಜೆ ಬೆಂಚು ತುಂಬಿತ್ತು. ಮೇಷ್ಟ್ರು ರಟ್ಟು ಹರಿದು ತೊಡೆಯ ಮೇಲಿಟ್ಟುಕೊಂಡು, "ಹೇಳಯ್ಯಾ, ಈ ವರ್ಷ ನಿನ್ ಮೊದಲ್ನೇ ಹೆಸರು ಯಾವುದು?" ಅಂದರು. ನಾನು ಕೌಂಟರಿನ ಹಲಗೆ ಎತ್ತಿ ಈಚೆ ಬಂದೆ.

"ಜಬಿ" ಅಂದೆ. "ಅವನ ಮಂಡಿಗೆ ಯಾವತ್ತೂ ಏನೂ ಆಗಿರ್ಲಿಲ್ಲ. ಔಷಧಿ ಅವರಪ್ಪನಿಗೆ. ನಾನು ಕೇಳ್ದೆ, ತಿಳ್ಕೊಳ್ದೆ, ನಿಮ್ಮನ್ನ ಸೋಲಿಸ್ಬೇಕು ಅಂತ ಹೇಳ್ಬಿಟ್ಟೆ."

ಶಿವಣ್ಣ, "ಹೋಗ್ಲಿ ಬುಡಪ್ಪ, ಹಳೇ ಕತೆ" ಅಂದ. ಮೇಷ್ಟ್ರು ಅವನ ಕಡೆ ತಿರುಗಿ, "ಬಾಯ್ಮುಚ್ಲೇ" ಅಂದರು.

ಅಷ್ಟರಲ್ಲಿ ತುಮಕೂರು ಬಸ್ಸು ಬಂದು ನಿಂತಿತು. ಜಬಿ ಊಟದ ಬ್ಯಾಗು ಹೆಗಲಿಗೆ ಹಾಕಿಕೊಂಡು ಇಳಿದು ರಸ್ತೆಯ ಆಚೆ ಬದಿಯಲ್ಲಿ ಹೊರಟಿದ್ದ. "ಜಬೀ!" ಅಂತ ಕರೆದೆ. ನಿಂತ. ಹತ್ತಿರ ಬರಲಿಲ್ಲ. ನಾನು ಇನ್ನೊಂದು ಸಲ ಮೊದಲಿನಿಂದ ಎಲ್ಲವನ್ನೂ ಹೇಳಿದೆ, ಅವನಿಗೂ ಬಸ್‌ಸ್ಟ್ಯಾಂಡಿನಲ್ಲಿದ್ದವರಿಗೂ ಕೇಳಿಸುವ ಹಾಗೆ ಗಂಟಲು ಬಿಟ್ಟು ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ. ಬ್ಯಾಗು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ಮನೆ ಕಡೆ ನಡೆದ. ಬೆಂಚಿನ ಮೇಲಿದ್ದ ಅಷ್ಟೂ ಜನ ಅವನ ಕಾಲನ್ನೇ ನೋಡುತ್ತಿದ್ದೆವು. ಒಂದು ಚೂರೂ ಕುಂಟುತ್ತಿರಲಿಲ್ಲ.